ಬೇನೆಯ ವರ್ಷದ ಭಿಕ್ಷೆ

ಆ ವರ್ಷ ಪ್ಲೇಗಿನ ಬೇನೆಗೆ ಅಂಜಿ ಊರಿಗೆ ಊರೇ ಹೊಲಕ್ಕೆ ಬಂದು ಬಿದ್ದಿತ್ತು. ಇಲಿ ಸತ್ತ ಮನೆಗಳಿಗೆ ಬೀಗ ಜಡಿದು ಜನ ಹೊಳೆಯ ದಂಡೆಗುಂಟ ಗುಡಿಸಲು ಹಾಕಿಕೊಂಡಿದ್ದರು. ಒಂದು ಗುಡಿಸಲು ಇಲ್ಲಿದ್ದರೆ ಇನ್ನೊಂದು ಅಲ್ಲೆಲ್ಲೋ ದೂರ. ಯಾರೂ ಯಾರ ಹೊಸ್ತಿಲನ್ನೂ ತುಳಿಯುವ ಹಾಗಿರಲಿಲ್ಲ.

ಹೊಳೆಯ ಮೇಲುಗಡೆಯ ಮಠದಲ್ಲಿ ಇಬ್ಬರೇ ಉಳಿದಿದ್ದರು. ಒಬ್ಬರು ಹಿರಿಯ ಸ್ವಾಮಿಗಳು. ಸುತ್ತಲಿನವರೆಲ್ಲ ಅವರನ್ನು ಅಜ್ಜಾರು ಅನ್ನುತ್ತಿದ್ದರು. ಇನ್ನೊಬ್ಬ ಅವರ ಶಿಷ್ಯ ಗದಿಗೆಯ್ಯ, ಮೂವತ್ತರ ಹತ್ತಿರದವ.

ಗದಿಗೆಯ್ಯನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಪೂಜೆಗೆ ಕೂತರೆ ಕಿವಿಯೆಲ್ಲ ಹೊಳೆಯ ಕಡೆಗೆ. ಇವತ್ತು ಯಾವ ಗುಡಿಸಲಿನಿಂದ ಅಳು ಏಳುತ್ತದೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡೇ ಇರುತ್ತಿದ್ದ. ಅಂಗಳದಲ್ಲಿ ಅವನು ಅತ್ತಿಂದಿತ್ತ ನಡೆದೂ ನಡೆದೂ ದಾರಿಯೇ ಮೂಡಿಬಿಟ್ಟಿತ್ತು.

ಅವನ ಸಿಟ್ಟೆಲ್ಲ ಅಜ್ಜಾರ ಮೇಲೆ.

ಯಾಕೆಂದರೆ, ಲೋಕ ಹೀಗೆ ಹೊತ್ತಿ ಉರಿಯುತ್ತಿರುವಾಗ ಅಜ್ಜಾರು ಏನು ಮಾಡುತ್ತಿದ್ದರು ಅಂತೀರಿ? ದಿನಾ ಮುಂಜಾನೆ ಹೆಗಲಿಗೆ ಜೋಳಿಗೆ ಹಾಕಿಕೊಂಡು, ಕೈಯಲ್ಲಿ ಗಂಟೆ ಹಿಡಿದು, ಭಿಕ್ಷೆಗೆ ಹೊರಡುತ್ತಿದ್ದರು! ಊರು ನೆಟ್ಟಗಿದ್ದಾಗ ಹೋಗುತ್ತಿದ್ದ ಹಾಗೆಯೇ, ಒಂದು ಮನೆಯನ್ನೂ ಬಿಡದೆ.

ಗುಡಿಸಲಿನಿಂದ ಹತ್ತು ಮಾರು ದೂರ ನಿಂತು ಗಂಟೆ ಬಾರಿಸುತ್ತಿದ್ದರು. ಒಳಗಿದ್ದವರು ಹೊರಗೆ ಬಂದು, ಮುಂದಿನ ಕಲ್ಲಿನ ಮೇಲೆ ಏನಾದರೊಂದು ಇಟ್ಟು ಹಿಂದೆ ಸರಿಯಬೇಕು. ಆಮೇಲೆ ಅಜ್ಜಾರು ಎತ್ತಿಕೊಳ್ಳಬೇಕು. ಒಂದು ಹಿಡಿ ಜೋಳ, ಇಲ್ಲದಿದ್ದರೆ ಒಂದು ಮೆಣಸಿನಕಾಯಿ. ಅದೂ ಇಲ್ಲದವರು ಒಂದು ಕಟ್ಟಿಗೆ ಚೂರು ಇಡುತ್ತಿದ್ದರು.

ಅಷ್ಟಕ್ಕೇ ಮುಗಿಯಿತೇ? ಇಲ್ಲ. ಮಾತು ಬೇರೆ.

"ಏನ್ ಹಜರತಬೀ, ಮೆಣಸಿನಕಾಯಿ ಇಷ್ಟ ಸಣ್ಣದ ಕೊಡ್ತಿ? ನಿನ್ನೆ ಇದಕ್ಕಿಂತ ಉದ್ದಂದು ಕೊಟ್ಟಿದ್ದಿ!"

"ನಾಳೆ ಉದ್ದಂದ ಇಡ್ತೀನಿ ಬರ್ರಿ ಅಜ್ಜಾ."

"ಮರೀಬ್ಯಾಡ ಮತ್ತ. ನಾ ಬರಾಂವ ಹೌದು."

ಹಿಂದೆ ನಿಂತ ಗದಿಗೆಯ್ಯನಿಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ.

"ಅಜ್ಜಾ, ಮಠದಾಗ ಎರಡು ಹಗೇವು ತುಂಬ ಜೋಳ ಐತಿ. ಇವರ ಮನ್ಯಾಗ ಹೆಣ ಬೀಳಾಕ ಹತ್ಯಾವು. ಇಂಥವರ ಮುಂದ ನಾವು ಕೈ ಒಡ್ಡೋದ?"

"ಹೌದಪಾ, ಒಡ್ಡೋದ."

"ಯಾಕ?"

ಅಜ್ಜಾರು ಜೋಳಿಗೆಯೊಳಗೆ ಕೈ ಹಾಕಿ ಆ ಮೆಣಸಿನಕಾಯಿ ಹುಡುಕಿ ತೆಗೆದು ಅವನ ಅಂಗೈಯಲ್ಲಿಟ್ಟರು.

"ತಿಂದು ನೋಡು," ಅಂದರು.

ಗದಿಗೆಯ್ಯ ತಿಂದ. ಕಣ್ಣಲ್ಲಿ ನೀರು ಬಂತು, ಉತ್ತರ ಬರಲಿಲ್ಲ.

ಮರುವಾರ ಅಜ್ಜಾರ ಕಾಲಿಗೆ ಜಾಲಿಮುಳ್ಳು ನೆಟ್ಟು ಪಾದ ಬಾತುಕೊಂಡಿತು. ಜೋಳಿಗೆಯನ್ನು ಗದಿಗೆಯ್ಯನ ಕೈಗೆ ಕೊಟ್ಟರು.

"ಒಂದ ಮನೀನೂ ಬಿಡಬ್ಯಾಡ. ಹುಲಿಗೆವ್ವನ ಗುಡಿಸಲಂತೂ ಬಿಡಲೇಬ್ಯಾಡ."

ಹುಲಿಗೆವ್ವನದು ಸಾಲಿನ ಕಡೆಯ ಗುಡಿಸಲು. ಇದ್ದ ಒಬ್ಬಳೇ ಮಗಳನ್ನು ಹಿಂದಿನ ದಿನವಷ್ಟೇ ಬೇನೆ ನುಂಗಿತ್ತು. ಸುದ್ದಿ ಕೇಳಿದಾಗಿನಿಂದ ಆ ಕಡೆ ಹೋಗುವುದೆಂದರೆ ಗದಿಗೆಯ್ಯನ ಕಾಲು ಹಿಂದೆ ಬೀಳುತ್ತಿತ್ತು.

ಅವನು ಹೊರಟ. ಆದರೆ ಭಿಕ್ಷೆ ಬೇಡಲಿಲ್ಲ. ನೆಲದಡಿಯ ಹಗೇವಿನ ಜೋಳ ತೆಗೆದು ಬೀಸಿ, ಹಿಟ್ಟನ್ನು ಗಂಟು ಗಂಟು ಕಟ್ಟಿಕೊಂಡಿದ್ದ. ಗಂಟೆ ಬಾರಿಸಲಿಲ್ಲ, ಕೂಗಲಿಲ್ಲ. ಒಂದೊಂದು ಕಲ್ಲಿನ ಮೇಲೆ ಒಂದೊಂದು ಗಂಟು ಇಡುವುದು, ಬಿರಬಿರನೆ ಮುಂದಕ್ಕೆ ಹೋಗುವುದು. ಸೂರ್ಯ ನೆತ್ತಿಗೆ ಬರುವುದರೊಳಗೆ ಸಾಲು ಮುಗಿಯಿತು. ಅಜ್ಜಾರಿಗಾದರೆ ಮಧ್ಯಾಹ್ನ ದಾಟುತ್ತಿತ್ತು.

ಮಠ ಅಂದರೆ ಹೀಗಿರಬೇಕು ಅಂದುಕೊಂಡ. ಎದೆ ಹಗುರಾದಂತಿತ್ತು. ಆದರೂ ಸಂಜೆಯಾಗುತ್ತಲೇ ಕಾಲು ಮತ್ತೆ ಅಂಗಳಕ್ಕೆ ಎಳೆಯಿತು. ಮತ್ತೆ ಅದೇ ತಿರುಗಾಟ.

ಎರಡನೆಯ ದಿನವೂ ಹಾಗೆಯೇ ಮಾಡಿದ. ಮೂರನೆಯ ದಿನವೂ.

ಮೂರನೆಯ ದಿನ ತಿರುಗಿ ಬಂದಾಗ ಅಜ್ಜಾರು ಕಾಲಿಗೆ ಅರಿಸಿನದ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದರು.

"ಜೋಳಿಗಿ ತಾ ಇಲ್ಲಿ."

ಕೊಟ್ಟ. ಅಜ್ಜಾರು ಅದನ್ನು ಬೋರಲು ಹಾಕಿ ಕೊಡವಿದರು. ಒಂದು ಕಾಳೂ ಬೀಳಲಿಲ್ಲ.

"ಯಾರೂ ನೀಡಲಿಲ್ಲೇನು?"

"ನಾನ ಬೇಡಲಿಲ್ಲ. ನಾನ ಕೊಟ್ಟ ಬಂದೆ," ಅಂದ ಗದಿಗೆಯ್ಯ, ಎದೆ ಸೆಟೆಸಿ. ಹಿಟ್ಟಿನ ಗಂಟುಗಳ ಕಥೆಯೆಲ್ಲ ಹೇಳಿದ.

ಬೈಗುಳ ಬರುತ್ತದೆ ಅಂದುಕೊಂಡಿದ್ದ. ಅಜ್ಜಾರು ಬೈಯಲಿಲ್ಲ.

"ಚಲೋ ಆತು. ಹಜರತಬಿ ಏನಂದ್ಲು?"

"ಏನೂ ಅನ್ನಲಿಲ್ಲ. ನಾ ಕೂಗಲಿಲ್ಲ."

"ಹುಲಿಗೆವ್ವ?"

"ಕಲ್ಲಿನ ಮ್ಯಾಲ ಇಟ್ಟ ಬಂದೆ."

"ನಿನ್ನೆ ಇಟ್ಟ ಗಂಟು?"

ಗದಿಗೆಯ್ಯ ತಲೆ ಕೆರೆದುಕೊಂಡ.

"ಅದು... ಅಲ್ಲೇ ಇತ್ತು. ಅದರ ಬಾಜೂಕ ಇಟ್ಟೆ."

"ಮೊನ್ನೇದು?"

ಅವನ ಕಣ್ಣ ಮುಂದೆ ಆ ಕಲ್ಲು ಬಂದು ನಿಂತಿತು, ಅದರ ಮೇಲೆ ಮೂರು ಗಂಟು. ಅಯ್ಯೋ ಶಿವನೇ! ತನ್ನ ಕೈಯಿಂದಲೇ ಒಂದರ ಪಕ್ಕ ಒಂದು ಇಟ್ಟಿದ್ದ. ಕಣ್ಣಿದ್ದೂ ಕಂಡಿರಲಿಲ್ಲ.

"ಯಾಕ ಕೂಗಲಿಲ್ಲೋ ತಮ್ಮಾ? ಖರೇ ಹೇಳು."

"ಅಂಜಿಕಿ ಅಜ್ಜಾ," ಅಂದ ಗದಿಗೆಯ್ಯ. "ಕೂಗಿದರ ಹೊರಗ ಬರ್ತಾಳ. ಬಂದರ ಅಳ್ತಾಳ. ಅತ್ತರ ಆಕಿಗೆ ಹೇಳಾಕ ನನ್ನ ಹತ್ರ ಏನೂ ಇಲ್ಲ."

ಅಜ್ಜಾರು ಜೋಳಿಗೆ, ಗಂಟೆ, ಕೋಲು ತೆಗೆದುಕೊಂಡು ಎದ್ದರು.

ಗದಿಗೆಯ್ಯ ಕಾಯಲಿಲ್ಲ, ಓಡಿದ. ಹೊಳೆಯ ದಂಡೆಯ ಮರಳಲ್ಲಿ ಕಾಲು ಹೂತು ಎರಡು ಸಲ ಬಿದ್ದ. ಒಬ್ಬ ಹೆಂಗಸು ಒಳಗೆ ಸಾಯುತ್ತಿದ್ದಾಳೆ, ನಾನು ಹೊರಗೆ ಹಿಟ್ಟು ಪೇರಿಸುತ್ತಿದ್ದೆ. ಅದೊಂದೇ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು.

ಕಲ್ಲಿನ ಮೇಲೆ ಮೂರೂ ಗಂಟು ಇದ್ದವು. ಒಂದನ್ನು ಕಾಗೆ ಕುಕ್ಕಿ ಹರಿದಿತ್ತು, ಇರುವೆ ಸಾಲುಗಟ್ಟಿತ್ತು. ಗುಡಿಸಲಿನ ತಟ್ಟಿ ಮುಚ್ಚಿತ್ತು.

"ಹುಲಿಗೆವ್ವಾ! ಮಠದಿಂದ ಬಂದೀನಿ! ಹಿಟ್ಟು ತಂದೀನಿ, ತಗೋಬಾ!"

ಒಳಗೆ ಸದ್ದಿಲ್ಲ.

"ಹುಲಿಗೆವ್ವಾ, ಏನು ಬೇಕವ್ವಾ ನಿನಗ? ಏನು ಬೇಕು ಹೇಳು, ತರ್ತೀನಿ!"

ಹೊಳೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಗದಿಗೆಯ್ಯ ಕಲ್ಲಿನ ಹತ್ತಿರವೇ ಕುಸಿದು ಕೂತ. ತಟ್ಟಿ ಸರಿಸಿ ನೋಡುವ ಧೈರ್ಯ ಇರಲಿಲ್ಲ, ಬಿಟ್ಟು ಹೋಗುವ ಧೈರ್ಯವೂ ಇರಲಿಲ್ಲ.

ಬಹಳ ಹೊತ್ತಿಗೆ ಅಜ್ಜಾರು ಕುಂಟುತ್ತ ಬಂದರು. ಏದುಸಿರು ಬಿಡುತ್ತಿದ್ದರು.

"ಅಜ್ಜಾ, ಹೋಗ್ಯಾಳ ಆಕಿ. ನಾನ ಕೊಂದೆ," ಎಂದು ಗದಿಗೆಯ್ಯ ಗೊಳೋ ಎಂದು ಅತ್ತ.

ಅಜ್ಜಾರು ಅವನ ಕಡೆ ನೋಡಲಿಲ್ಲ. ಹತ್ತು ಮಾರು ದೂರ, ದಿನವೂ ನಿಲ್ಲುವ ಜಾಗದಲ್ಲೇ ನಿಂತು ಗಂಟೆ ಬಾರಿಸಿದರು.

"ಭಿಕ್ಷಾ ನೀಡವ್ವಾ ಹುಲಿಗೆವ್ವಾ!"

ಮತ್ತೆ ಬಾರಿಸಿದರು.

"ಮೂರು ದಿನ ಆತು ನಿನ್ನ ಮನಿ ಭಿಕ್ಷಾ ಸಿಕ್ಕಿಲ್ಲ ನನಗ. ನೀಡವ್ವಾ!"

ಒಳಗೆ ಏನೋ ಸರಿದಾಡಿತು. ಆಮೇಲೆ ಬಾವಿಯ ತಳದಿಂದ ಬಂದ ಹಾಗೆ ಒಂದು ದನಿ.

"ಮುಂದಿನ ಮನೀಗೆ ಹೋಗ್ರಿ ಯಪ್ಪಾ... ನನ್ನ ಕೈಯಾಗ ಏನೂ ಉಳದಿಲ್ಲ."

ಗದಿಗೆಯ್ಯ ಎದ್ದು ಹಿಂದೆ ಸರಿದ. ಬದುಕಿದ್ದಾಳೆ!

"ಮುಂದ ಮನಿ ಇಲ್ಲವ್ವಾ. ನಿಂದ ಕಡೀದು," ಅಂದರು ಅಜ್ಜಾರು. "ನಿಂದ ಇಸಗೊಳ್ಳದ ನಾ ಹೋಗಂಗಿಲ್ಲ. ಕಾಲು ಬಾತೈತಿ, ಬಿಸಿಲು ಭಾಳ ಐತಿ. ಲಗೂನ ನೀಡು."

ಬಿಸಿಲು ಸುಡುತ್ತಿತ್ತು. ಅಜ್ಜಾರು ಕದಲಲಿಲ್ಲ.

ತಟ್ಟಿ ಕಿರುಗುಟ್ಟಿತು. ಹುಲಿಗೆವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬೇನೆಯ ಗುರುತೇನೂ ಮೈಮೇಲೆ ಇರಲಿಲ್ಲ. ತಲೆ ಕೆದರಿತ್ತು, ತುಟಿ ಒಣಗಿ ಬಿರಿದಿದ್ದವು. ಮಗಳು ಹೋದಂದಿನಿಂದ ಕೂಳು ಮುಟ್ಟದೆ ಮಲಗಿದ್ದಳು ಅನ್ನುವುದು ನೋಡಿದರೇ ತಿಳಿಯುತ್ತಿತ್ತು. ಮುಷ್ಟಿಯಲ್ಲಿದ್ದ ಒಂದು ಚಿಟಿಕೆ ಉಪ್ಪನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು.

"ಗಡಿಗಿ ತಳಾ ಕೆರದು ತಂದೆ ಯಪ್ಪಾ. ಇಷ್ಟ ಇತ್ತು."

ಅಜ್ಜಾರು ಉಪ್ಪನ್ನು ಎತ್ತಿಕೊಂಡು ಹಣೆಗೊತ್ತಿಕೊಂಡರು.

"ಉಪ್ಪು ಆತು. ನಾಳೆ ಏನು ನೀಡ್ತಿ?"

ಆಕೆ ಅವರನ್ನೇ ನೋಡಿದಳು. ನಿಂತಲ್ಲೇ ಕುಕ್ಕರಿಸಿ "ನನ್ನ ಮಗಳು ಯಪ್ಪಾ, ನನ್ನ ಕೂಸು" ಎಂದು ಬಾಯಿ ಬಿಟ್ಟು ಅತ್ತಳು. ಗದಿಗೆಯ್ಯ ಇಷ್ಟು ದಿನ ಅಂಜಿದ್ದ ಅಳು ಅದೇ. ಅಜ್ಜಾರು ಏನೂ ಹೇಳಲಿಲ್ಲ. ಅಲ್ಲೇ ಬಿಸಿಲಲ್ಲಿ ಕಾಲು ಚಾಚಿ ಕೂತುಬಿಟ್ಟರು. ಗದಿಗೆಯ್ಯನೂ ಕೂತ.

ಅಳು ನಿಂತ ಮೇಲೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಕಲ್ಲಿನ ಮೇಲಿದ್ದ ಗಂಟುಗಳು ಆಗ ಅವಳ ಕಣ್ಣಿಗೆ ಬಿದ್ದವು.

"ಹಿಟ್ಟು ಐತಲ್ಲ ಇಲ್ಲಿ," ಅಂದಳು. "ನಾಳೆ ಒಂದು ರೊಟ್ಟಿ ಬಡೀತೀನಿ. ಬಿಸಿದಿದ್ದಾಗ ಬರಬೇಕು ಮತ್ತ."

"ನನ್ನ ಕಾಲು ನೆಟ್ಟಗಿಲ್ಲ. ನಾಳೆ ಇಂವ ಬರ್ತಾನ," ಎಂದು ಅಜ್ಜಾರು ಜೋಳಿಗೆಯನ್ನು ಗದಿಗೆಯ್ಯನ ಹೆಗಲಿಗೆ ಹಾಕಿದರು.

ತಿರುಗಿ ಹೋಗುವಾಗ ಗದಿಗೆಯ್ಯ ಅರ್ಧ ದಾರಿಯಲ್ಲಿ ನಿಂತ.

"ಅಜ್ಜಾ, ನಾಳೆ ಮತ್ತ ಅತ್ತರ? ನಾ ಬರೋ ಮುಂದ ಏನರ ಕಲ್ತು ಬರಬೇಕೇನು? ಏನು ತಗೊಂಡು ಬರ್ಲಿ?"

"ಮುಂಜಾನೆ ಮಠದಾಗ ಏನೂ ತಿನಬ್ಯಾಡ," ಅಂದರು ಅಜ್ಜಾರು. "ಹಸಕೊಂಡು ಬಾ."