ಕಂಡಿಕೆ ಸುತ್ತುವ ಮುದುಕಿಯ ಬಿಡುಗಡೆ

"ಅಯ್ಯನವರೇ, ಕ್ರಿಸ್ತನನ್ನು ನಂಬಿದವರಿಗೂ ಮಾಟ ತಟ್ಟುತ್ತದೆಯೇ?" ಎಂದು ತಿಮೊಥಿ ಕೇಳಿದ.

ತಿಮೊಥಿ ಸುವಾರ್ತೆಯ ಕೆಲಸ ಕಲಿಯಲು ಯೋಬಪ್ಪ ಅಯ್ಯನವರ ಬಳಿಗೆ ಬಂದವನು. ಮರುದಿನ ಬೆಳಿಗ್ಗೆ ಅವನು ಒಂದು ಮನೆಗೆ ಮಾಟ ಶಾಪ ಬಿಡಿಸುವ ಬಿಡುಗಡೆ ಪ್ರಾರ್ಥನೆಗೆ ಹೋಗಬೇಕಿತ್ತು. ಆ ಮನೆಯ ಸೊಸೆ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದಳು. ಶಾಪ ಹಾಕಿದವರು ಯಾರು ಎಂದು ಮನೆಯವರು ಕೇಳುತ್ತಿದ್ದರು. ತಿಮೊಥಿಯ ಮನಸ್ಸಿನಲ್ಲಿ ಒಂದು ಹೆಸರು ಆಗಲೇ ಬಂದು ಕೂತಿತ್ತು. ಅದನ್ನು ಅವನು ಅಯ್ಯನವರಿಗೆ ಹೇಳಲು ಬಾಯಿ ತೆರೆದ.

"ತಡಿ ಮಾರಾಯ, ಆ ಹೆಸರು ನನಗೆ ಬೇಡ. ಕೂತುಕೋ, ಒಂದು ಕತೆ ಕೇಳು" ಎಂದರು ಅಯ್ಯನವರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಆ ಬೀದಿಯಲ್ಲಿ ಎಲ್ಲರೂ ನೇಕಾರರೇ, ಎಲ್ಲರೂ ಒಂದೇ ಕ್ರೈಸ್ತ ಸಭೆಯವರು. ನೇಕಾರನ ಮನೆಗೆ ಒಂದೇ ಗೋಡೆಯಾಚೆ ಒಬ್ಬ ಮುದುಕಿಯ ಮನೆ. ಗಂಡನಿಲ್ಲ, ಮಕ್ಕಳಿಲ್ಲ. ರಾಟೆ ತಿರುಗಿಸಿ ನೂಲನ್ನು ಕಂಡಿಕೆಯೆಂಬ ಸಣ್ಣ ಕೊಳವೆಗೆ ಸುತ್ತಿ ಕೊಡುವುದು ಅವಳ ಕೆಲಸ. ಕಂಡಿಕೆ ಲಾಳಿಯೊಳಗೆ ಕೂತರೆ ತಾನೇ ಮಗ್ಗ ನಡೆಯುವುದು? ಅರ್ಧ ಬೀದಿಯ ಮಗ್ಗಗಳು ಅವಳು ಸುತ್ತಿದ ನೂಲಿನಿಂದಲೇ ನಡೆಯುತ್ತಿದ್ದವು.

ನೇಕಾರನಿಗೆ ಒಬ್ಬಳೇ ಮಗಳು, ಐದು ವರ್ಷದವಳು. ಹುಟ್ಟಿದಂದಿನಿಂದ ಗೋಡೆಯಾಚೆಯ ರಾಟೆಯ ಸದ್ದು ಕೇಳುತ್ತಲೇ ನಿದ್ದೆ ಹೋದವಳು. ಎದ್ದರೆ ಮುದುಕಿಯ ಮಗ್ಗುಲಿಗೆ ಓಡುವಳು. ರೊಟ್ಟಿಯ ಚೂರನ್ನು ಹಾಲಿನಲ್ಲಿ ನೆನೆಸಿ ಮುದುಕಿ ಬಾಯಿಗಿಟ್ಟರೆ ಉಣ್ಣುವಳು. ತಾಯಿ ಇಟ್ಟರೆ ಮುಖ ತಿರುಗಿಸುವಳು. ಅದಕ್ಕೆ ತಾಯಿಗೆ ಒಳಗೊಳಗೇ ಹೊಟ್ಟೆಕಿಚ್ಚು. ಇರಲಿ, ಯಾವ ತಾಯಿಗೆ ಇರುವುದಿಲ್ಲ ಹೇಳು.

ಒಂದು ಬೇಸಿಗೆಯಲ್ಲಿ ಮಗುವಿಗೆ ಜ್ವರ ಬಂತು. ಎಂಟು ದಿನ ಕಾಯಿಸಿ ಹೋಯಿತು. ಹೋಗುವಾಗ ಹಸಿವನ್ನೂ ಕರೆದುಕೊಂಡು ಹೋಯಿತು. ಡಾಕ್ಟರು ಔಷಧ ಕೊಟ್ಟು, ನಿಧಾನಕ್ಕೆ ಸರಿಹೋಗುತ್ತದೆ ಅಂದರು. ನಿಧಾನ ಅನ್ನುವ ಮಾತು ಯಾವ ತಂದೆ ತಾಯಿಗೆ ಹಿಡಿಸುತ್ತದಯ್ಯ? ಪರವೂರಿನಿಂದ ಒಬ್ಬ ಬೋಧಕನನ್ನು ಕರೆಸಿದರು. ಅವನು ಪ್ರಾರ್ಥಿಸಿದರೆ ಕಟ್ಟುಗಳೆಲ್ಲ ಹರಿಯುತ್ತವೆ ಎಂದು ಹೆಸರಿತ್ತು.

ನೇಕಾರನ ಮನೆ ತುಂಬ ಜನ ಸೇರಿದರು. ಮುದುಕಿಯೂ ಬಂದು ಬಾಗಿಲ ಹತ್ತಿರ ಕೂತಳು. ಬೋಧಕ ಬಾಗಿಲ ಚೌಕಟ್ಟಿಗೆ ಎಣ್ಣೆ ಹಚ್ಚಿದ. ಮಗುವಿನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ಮಾತಾಡಿದ.

"ಈ ಮಗುವಿನ ಬಾಯಿಗೆ ಒಂದು ಕೈ ಬರ್ತಾ ಇದೆ. ಹೆಂಗಸಿನ ಕೈ, ಬಡಕಲು ಕೈ. ಬೆರಳಿಗೆ ನೂಲು ಸುತ್ತಿದೆ."

ನೋಡು ತಿಮೊಥಿ, ನೇಕಾರರ ಬೀದಿಯಲ್ಲಿ ನೂಲು ಸುತ್ತದ ಬೆರಳು ಯಾವುದಪ್ಪಾ? ಆ ಕೋಣೆಯಲ್ಲಿದ್ದ ಅಷ್ಟೂ ಹೆಂಗಸರ ಬೆರಳಲ್ಲಿ ನೂಲಿನ ಗುರುತಿತ್ತು. ಯಾರೂ ತಮ್ಮ ಕೈ ನೋಡಿಕೊಳ್ಳಲಿಲ್ಲ. ಎಲ್ಲರೂ ಬಾಗಿಲ ಕಡೆ ತಿರುಗಿದರು. ಮುದುಕಿಯೊಬ್ಬಳೇ ತನ್ನ ಬೆರಳು ನೋಡಿಕೊಂಡಳು.

"ಆ ಕೈಯನ್ನು ಯೇಸುವಿನ ಹೆಸರಿನಲ್ಲಿ ಕಟ್ಟುತ್ತೇನೆ" ಎಂದ ಬೋಧಕ. ಎಲ್ಲರೂ ಆಮೆನ್ ಅಂದರು. ಮುದುಕಿಯೂ ಅಂದಳು. ಅವಳೇ ಗಟ್ಟಿಯಾಗಿ ಅಂದಳು.

ಅಂದೇ ಅವಳು ಸುತ್ತಿದ್ದ ಎರಡು ಬುಟ್ಟಿ ಕಂಡಿಕೆಗಳನ್ನು ಅಂಗಳದಲ್ಲಿ ಸುಟ್ಟರು. ಒಳ್ಳೆಯ ನೂಲು, ಸುಮ್ಮನೆ ಉರಿದುಹೋಯಿತು. ಆಮೇಲೆ ಯಾರೂ ಅವಳಿಗೆ ನೂಲು ಕೊಡಲಿಲ್ಲ. ಆ ಸಭೆಯಲ್ಲಿ ಕರ್ತನ ಭೋಜನದ ದಿನ ಕ್ರಿಸ್ತನ ರಕ್ತವೆಂದು ದ್ರಾಕ್ಷಾರಸ ಕುಡಿಯಲು ಎಲ್ಲರಿಗೂ ಒಂದೇ ಪಾತ್ರೆ. ಹೆಂಗಸರ ಸಾಲಿನಲ್ಲಿ ಹಿರಿಯಳೆಂದು ಅವಳಿಗೇ ಅದು ಮೊದಲು ಬರುತ್ತಿತ್ತು. ಮುಂದಿನ ಭಾನುವಾರ ಅವಳನ್ನು ಕಟ್ಟಕಡೆಗೆ ಕೂರಿಸಿದರು. ಅವಳ ತುಟಿ ತಾಗಿದ ಪಾತ್ರೆಯಿಂದ ಕುಡಿಯಲು ಅವರಿಗೆ ಹೆದರಿಕೆ. ಕ್ರಿಸ್ತನ ರಕ್ತಕ್ಕಿಂತ ಮುದುಕಿಯ ಎಂಜಲಿಗೆ ಶಕ್ತಿ ಹೆಚ್ಚು ಅಂದುಕೊಂಡರೋ ಏನೋ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಗು ಏಳಲಿಲ್ಲ. ಗೋಡೆಗೆ ಕಿವಿಯಿಟ್ಟು ಮಲಗಿರುತ್ತಿತ್ತು. "ಅಜ್ಜಿ ರಾಟಿ ಯಾಕ ಸುಮ್ನ ಆಗೇತಿ?" ಎಂದು ಒಂದೇ ಸಲ ಕೇಳಿತು. ತಾಯಿ ಬೈದಳು. ಮತ್ತೆ ಕೇಳಲಿಲ್ಲ. ಆಗಿನಿಂದ ನೀರನ್ನೂ ಒಲ್ಲೆ ಅನ್ನತೊಡಗಿತು. ನೇಕಾರನಿಗೆ ಇದ್ದ ಒಂದು ಕೂಸು ಕಣ್ಣೆದುರಿಗೇ ಕರಗುತ್ತಿತ್ತು.

ಒಂದು ಮಧ್ಯಾಹ್ನ ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲೇ ತೂಕಡಿಸಿದ. ಕನಸಿನಲ್ಲಿ ಮಗ್ಗ ತಾನಾಗಿ ನಡೆಯುತ್ತಿತ್ತು. ಲಾಳಿ ಅತ್ತಿಂದಿತ್ತ ಓಡುತ್ತಿತ್ತು, ಬಟ್ಟೆ ಮಾತ್ರ ಬೆಳೆಯುತ್ತಿರಲಿಲ್ಲ. ನೂಲೆಲ್ಲ ಗೋಡೆಯ ಕಡೆಗೆ ಹರಿದು ಹೋಗುತ್ತಿತ್ತು. ಅವನು ನೂಲು ಹಿಡಿದುಕೊಂಡು ಹೋದ. ಗೋಡೆ ನೀರಿನಂತೆ ದಾರಿ ಬಿಟ್ಟಿತು. ಆಚೆ ಬೀದಿಯವರೆಲ್ಲ ಸುತ್ತಲೂ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಎಳೆ. ಎಲ್ಲರೂ ಹಾಡುವವರಂತೆ ಮೆಲ್ಲಗೆ ತೂಗುತ್ತ ಸುತ್ತುತ್ತಿದ್ದರು. ನಡುವೆ ಒಂದು ದೊಡ್ಡ ಕಂಡಿಕೆ, ಆಳೆತ್ತರದ್ದು. ಅದರೊಳಗೆ ಯಾರೋ ಉಸಿರಾಡುತ್ತಿದ್ದರು. ನೇಕಾರ ನೂಲು ಬಿಚ್ಚಲು ಹೊರಟ. ಎಷ್ಟು ಬಿಚ್ಚಿದರೂ ನೂಲೇ. ಕೊನೆಗೆ ತನ್ನ ಕೈ ನೋಡಿಕೊಂಡರೆ, ಅದು ಬಿಚ್ಚುತ್ತಿರಲಿಲ್ಲ. ಅದೂ ಸುತ್ತುತ್ತಲೇ ಇತ್ತು.

ಎಚ್ಚರವಾಯಿತು. ಅವನು ಯಾರನ್ನೂ ಕೇಳಲಿಲ್ಲ. ನೇರವಾಗಿ ಪಕ್ಕದ ಮನೆಗೆ ಹೋದ.

ಮುದುಕಿ ರಾಟೆಯನ್ನು ಗೋಡೆಗೆ ತಿರುಗಿಸಿಟ್ಟು ಮೊಣಕಾಲೂರಿ ಕೂತಿದ್ದಳು. ಮಗುವಿಗಾಗಿ ಹನ್ನೊಂದು ದಿನದಿಂದ ಬರಿ ನೀರು ಕುಡಿದು ಉಪವಾಸವಿದ್ದಳು. ಬಲಗೈಯ ಬೆರಳುಗಳನ್ನು ನೂಲಿನಿಂದ ತಾನೇ ಬಿಗಿದು ಕಟ್ಟಿಕೊಂಡಿದ್ದಳು. ಬೆರಳು ಬಾತು ಕಪ್ಪಾಗಿದ್ದವು.

"ಏನಿದು ಅಮ್ಮಾ? ಯಾರು ಕಟ್ಟಿದರು?" ಎಂದು ನೇಕಾರ ಕೂಗಿಕೊಂಡ.

"ದೇವರ ಹೆಸರಿನ್ಯಾಗ ಕಟ್ಟ್ಯಾರಲ್ಲಪ್ಪಾ, ನಾ ಹ್ಯಾಂಗ ಬಿಚ್ಚಲಿ?" ಎಂದಳು ಮುದುಕಿ. "ನನ್ನೊಳಗ ಅದು ಯಾವಾಗ ಹೊಕ್ಕಿತೋ ನನಗ ಗೊತ್ತಿಲ್ಲ. ನಾ ಬೇಕಂತ ಮಾಡಿಲ್ಲಪ್ಪಾ. ಕೂಸು ಉಳೀಲಿ, ನನ್ನ ಕೈ ಹೋದರ ಹೋಗಲಿ."

ನೇಕಾರ ಗೊಳೋ ಎಂದು ಅತ್ತ. ಗಂಟು ಬಿಚ್ಚಲು ಬಾರದೆ ಹಲ್ಲಿನಿಂದ ಕಚ್ಚಿ ಹರಿದ. ಅವಳನ್ನು ಎತ್ತಿಕೊಂಡೇ ಮನೆಗೆ ತಂದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು, ಅವನ ಮುಖ ನೋಡಿ ಸರಿದಳು. ಮಗು ಮುದುಕಿಯ ಸೆರಗು ಹಿಡಿದುಕೊಂಡಿತು. ಮುದುಕಿ ಹೆದರುತ್ತ ಹೆದರುತ್ತ ಎಡಗೈಯಿಂದ ರೊಟ್ಟಿಯ ಚೂರು ಬಾಯಿಗಿಟ್ಟಳು. ಮಗು ಉಂಡಿತು. ತಿಂಗಳೊಳಗೆ ಬೀದಿಯಲ್ಲಿ ಓಡಾಡತೊಡಗಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಮುಗಿಯಲಿಲ್ಲ ಕಣಯ್ಯ.

ನೇಕಾರ ಸಭೆಯ ಮುಂದೆ ನಿಂತು, ನಾವು ತಪ್ಪು ಮಾಡಿದೆವು, ಅವಳಲ್ಲಿ ಏನೂ ಇರಲಿಲ್ಲ ಎಂದ. ಬೀದಿಯವರು ಒಬ್ಬೊಬ್ಬರಾಗಿ ಹೋಗಿ ಮುದುಕಿಯ ಕಾಲು ಹಿಡಿದರು. ಮತ್ತೆ ನೂಲು ಕೊಟ್ಟರು. ಅವಳು ಎಲ್ಲರಿಗೂ ಹೂಂ ಅಂದಳು. ಆದರೆ ಸಾಯುವ ತನಕ ಯಾವ ಮಗುವಿನ ತಲೆಯ ಮೇಲೂ ಬಲಗೈ ಇಡಲಿಲ್ಲ. ಹಸುಗೂಸು ಎದುರಾದರೆ ತನ್ನ ದೃಷ್ಟಿ ಬೀಳದಿರಲೆಂದು ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದಳು. ಪಾತ್ರೆ ಮೊದಲು ತನ್ನ ಬಳಿಗೆ ಬಂದರೆ, ಬೇಡ, ನನಗೆ ಕಡೆಗಿರಲಿ ಅನ್ನುತ್ತಿದ್ದಳು. ಪ್ರತಿ ಭಾನುವಾರ ಸಾಕ್ಷಿ ಹೇಳುವಾಗ ಎದ್ದು ನಿಂತು, "ನನ್ನೊಳಗಿನ ಮಾಟ ಬಿಡಿಸಿದ ದೇವರಿಗೆ ಸ್ತೋತ್ರ" ಎಂದು ಅಳುತ್ತಿದ್ದಳು. ಹಾಗೆ ನಂಬಿಕೊಂಡೇ ಸತ್ತಳು.

ಅಯ್ಯನವರು ಮಾತು ನಿಲ್ಲಿಸಿದರು.

"ಹಾಗಾದರೆ ಅಯ್ಯನವರೇ, ಆ ಬೀದಿಯಲ್ಲಿ ಮಾಟ ಇರಲೇ ಇಲ್ಲ ಅನ್ನಿ" ಎಂದ ತಿಮೊಥಿ.

"ಇತ್ತಯ್ಯ. ಮಾಟ ತಟ್ಟಿದ್ದು ಆ ಮುದುಕಿಗೆ, ಮಾಡಿದವರು ನಾವು. ಆ ಕೋಣೆಯಲ್ಲಿ ನಾನೂ ಇದ್ದೆ, ಎಲ್ಲರ ಜೊತೆ ಕಣ್ಣು ಮುಚ್ಚಿಕೊಂಡು ಆಮೆನ್ ಅಂದೆ."