ನಿಮ್ಮದೊಂದು ಕೊಡ, ನಮ್ಮದೊಂದು ಕೊಡ

ಹೊಳೆಯ ದಂಡೆಯಲ್ಲಿ ಹೊನ್ನಜ್ಜ ಎಂಬ ಗುರುವಿನ ಆಶ್ರಮವಿತ್ತು. ಬೇರೆ ಯಾವ ಗುರುವೂ ಹತ್ತಿರ ಸೇರಿಸದ ಮಕ್ಕಳು ಅಲ್ಲಿ ಕಲಿಯುತ್ತಿದ್ದರು. ಕಲ್ಲು ಒಡೆಯುವವರ ಮಗಳು ದ್ಯಾಮಿ ಅವರಲ್ಲಿ ಹಿರಿಯಳು. ಉಳಿದವರನ್ನು ನಡೆಸುವ ಹೊಣೆಯನ್ನು ಗುರು ಅವಳಿಗೇ ಕೊಟ್ಟಿದ್ದರು.

ಆ ಬೇಸಿಗೆಯಲ್ಲಿ ಊರ ಗೌಡ ಹೇಳಿಕಳಿಸಿದ: "ಆಶ್ರಮದ ಮಕ್ಕಳು ಹೊಳೆಗಿಳಿಯುವ ನಮ್ಮ ಮೆಟ್ಟಿಲಿಗೆ ಬರಬಾರದು. ಎಮ್ಮೆ ಮೈ ತೊಳೆಯುವ ಜಾಗದಿಂದ ಕೆಳಗೆ ನೀರು ತುಂಬಿಕೊಳ್ಳಲಿ."

ಕೆಲವು ದಿನ ಆಶ್ರಮದವರೆಲ್ಲ ಆ ನೀರನ್ನೇ ಕುಡಿದರು. ಆಮೇಲೆ ಒಂದು ಮಧ್ಯಾಹ್ನ ದುರ್ಗ ಎಂಬ ಶಿಷ್ಯ ಪಂಚೆಯ ತುಂಬ ಕಲ್ಲು ಕಟ್ಟಿಕೊಂಡು ಊರಿನ ಕಡೆ ಹೊರಟ. ಇನ್ನಷ್ಟು ಹುಡುಗರು ಅವನ ಹಿಂದೆ ಹೊರಟರು.

ದ್ಯಾಮಿ ಅಡ್ಡ ನಿಂತಳು. ಬೈದಳು. ದುರ್ಗ ಜಗ್ಗದಿದ್ದಾಗ ಕೆನ್ನೆಗೆ ಬಾರಿಸಿ, ಕಲ್ಲನ್ನೆಲ್ಲ ಹೊಳೆಗೆ ಸುರಿದಳು.

"ಜಗಳ ಮುಗಿಸಿ ಬಂದೆ, ಅಜ್ಜ," ಎಂದಳು ಗುರುವಿಗೆ.

ಹೊನ್ನಜ್ಜ ಒಣಗಿದ ಸೋರೆಬುರುಡೆಯೊಂದನ್ನು ಅವಳ ಕೈಗಿಟ್ಟರು. "ಇದನ್ನು ನೀರಲ್ಲಿ ಮುಳುಗಿಸು."

ದ್ಯಾಮಿ ಎರಡೂ ಕೈಯಿಂದ ಅದುಮಿದಳು. ಬುರುಡೆ ಮುಳುಗಿತು.

"ಸರಿ. ಈಗ ಹೋಗಿ ಒಲೆ ಹಚ್ಚು."

"ಕೈ ಬಿಟ್ಟರೆ ಮೇಲೆ ಬರುತ್ತದಲ್ಲ, ಅಜ್ಜ?"

"ಹಾಗಾದರೆ ಇಲ್ಲೇ ಇರು," ಎಂದು ಗುರು ಎದ್ದು ಹೋದರು.

ತೋಳು ಸೋಲುವವರೆಗೂ ದ್ಯಾಮಿ ಅದುಮಿ ಹಿಡಿದಳು. ಕೊನೆಗೆ ಬಿಟ್ಟಳು. ಬುರುಡೆ ಛಂಗನೆ ನೆಗೆದು ಅವಳ ಮುಖಕ್ಕೆ ನೀರು ಹಾರಿಸಿತು. ಅವಳು ಮುಖ ಒರೆಸಿಕೊಂಡು ದುರ್ಗನನ್ನು ಹುಡುಕಿಕೊಂಡು ಹೋದಳು.

"ಕಲ್ಲು ಯಾಕೆ ತಗೊಂಡೆ?"

"ಹೊಡೆಯೋ ಮೊದಲು ಕೇಳಬೇಕಿತ್ತು."

"ಹೌದು. ತಪ್ಪಾಯಿತು. ಈಗ ಕೇಳುತ್ತಿದ್ದೇನೆ."

ದುರ್ಗ ನೆಲ ನೋಡುತ್ತಾ ಹೇಳಿದ: "ನಾನು ಮನೆಗೆ ಒಯ್ದ ಆ ನೀರು ಕುಡಿದು ತಂಗಿಗೆ ವಾಂತಿ ಭೇದಿ. ನಿನ್ನೆಯಿಂದ ಕಣ್ಣು ಬಿಟ್ಟಿಲ್ಲ."

ದ್ಯಾಮಿಗೆ ಇದು ಗೊತ್ತೇ ಇರಲಿಲ್ಲ. ಅವನ ಪಕ್ಕ ಕೂತಳು.

"ಬೆಳಿಗ್ಗೆ ನನ್ನ ಜೊತೆ ಬಾ. ಈ ಮಾತನ್ನೇ ಗೌಡರ ಮುಂದೆ ಹೇಳು."

ನಂತರ ಗುರುವಿನ ಬಳಿ ಹೋಗಿ ಕೇಳಿದಳು: "ಅಜ್ಜ, ನಾಳೆ ನೀವೇ ಮಾತಾಡಿ. ನಿಮ್ಮ ಮಾತಾದರೆ ಕೇಳುತ್ತಾರೆ."

"ನಾನು ಕೊಡ ಹೊತ್ತು ಬರುತ್ತೇನೆ. ಮಾತು ನಿನ್ನದು."

ಬೆಳಿಗ್ಗೆ ಆಶ್ರಮದವರೆಲ್ಲ ಕೊಡ ಹೊತ್ತು ಬಂದಾಗ ಮೆಟ್ಟಿಲ ಮೇಲೆ ಗೌಡ ತನ್ನವರ ಜೊತೆ ಅಡ್ಡ ನಿಂತಿದ್ದ. ದ್ಯಾಮಿಯ ತಲೆಯ ಮೇಲಿಂದ ಹಿಂದಕ್ಕೆ ನೋಡಿ, "ಗುರುಗಳೇ, ನೀವು ಬನ್ನಿ, ಮಾತಾಡೋಣ," ಎಂದ.

ಕೊಡ ಹೊತ್ತವರ ಸಾಲಿನ ಕೊನೆಯಲ್ಲಿದ್ದ ಹೊನ್ನಜ್ಜ ಕದಲಲಿಲ್ಲ. "ಅವಳು ಬಂದಿದ್ದಾಳಲ್ಲ," ಎಂದರು.

ದುರ್ಗ ತಂಗಿಯ ವಿಷಯ ಹೇಳಿದ. ಗೌಡ ಮುಖ ತಿರುಗಿಸಿದ.

"ನಿಮ್ಮ ತಕರಾರು ಏನು, ಗೌಡರೇ?" ದ್ಯಾಮಿ ಕೇಳಿದಳು.

"ನಿಮ್ಮ ಮಕ್ಕಳು ನೀರಿಗಿಳಿದು ಕೆಸರೆಬ್ಬಿಸುತ್ತಾರೆ. ನಮ್ಮ ಹೆಂಗಸರು ಕಾಯುತ್ತಾ ನಿಲ್ಲಬೇಕು."

"ಕೆಸರು, ಕಾಯೋದು. ಇವೆರಡೇನಾ?"

"ಅಷ್ಟೇ ಅಂದುಕೋ."

"ನಾವು ನೀರಿಗೆ ಇಳಿಯಲ್ಲ, ಮೆಟ್ಟಿಲಿಂದಲೇ ಬಗ್ಗಿ ತುಂಬಿಕೊಳ್ಳುತ್ತೇವೆ. ನಿಮ್ಮದೊಂದು ಕೊಡ, ನಮ್ಮದೊಂದು ಕೊಡ. ಎಮ್ಮೆ ತೊಳೆದ ನೀರು ಮಾತ್ರ ಇನ್ನು ಕುಡಿಯಲ್ಲ."

"ಆಗಲ್ಲ ಅಂದರೆ?"

"ಇಲ್ಲೇ ಕೂರುತ್ತೇವೆ. ಹೊಡೆದರೂ ಕೂರುತ್ತೇವೆ."

ಕೂತರು. ಬಿಸಿಲೇರಿತು. ಮೆಟ್ಟಿಲು ತುಂಬಿದ್ದರಿಂದ ಯಾರ ಕೊಡವೂ ನೀರು ಮುಟ್ಟಲಿಲ್ಲ. ದುರ್ಗನ ಕೈ ಪಕ್ಕದ ಬೆಣಚುಕಲ್ಲನ್ನು ಹಿಡಿದುಕೊಂಡಿತು. ದ್ಯಾಮಿ ನೋಡಿದಳು, ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಅದನ್ನು ಬಿಟ್ಟ.

ಕೊನೆಗೆ ಊರಿನ ಮುದುಕಿಯೊಬ್ಬಳು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಗೌಡನ ಮುಂದೆ ಬಂದಳು. "ಹುಡುಗಿ ಹೇಳಿದ್ದರಲ್ಲಿ ತಪ್ಪೇನಪ್ಪಾ? ನಮ್ಮ ಮನೇಲಿ ಇನ್ನೂ ಒಲೆ ಹತ್ತಿಲ್ಲ."

ಅವಳು ತನ್ನ ಕೊಡ ತುಂಬಿದಳು. ಆಮೇಲೆ ಪಕ್ಕಕ್ಕೆ ಸರಿದು ದ್ಯಾಮಿಗೆ ಜಾಗ ಬಿಟ್ಟಳು. ಗೌಡ ಮೆಟ್ಟಿಲು ಹತ್ತಿ ಹೋದ.

ದುರ್ಗನ ತಂಗಿ ನಿಧಾನವಾಗಿ ಚೇತರಿಸಿಕೊಂಡಳು. ಮಳೆಗಾಲ ಕಳೆಯಿತು.

ಒಂದು ದಿನ ಗೌಡನ ಬೀದಿಯಿಂದಲೇ ಆಳು ಬಂದ. ಅಲ್ಲಿನ ಅಣ್ಣತಮ್ಮಂದಿರು ಗೋಡೆಯ ವಿಷಯಕ್ಕೆ ಕತ್ತಿ ಹಿರಿದಿದ್ದರು. ಗೌಡನ ತೀರ್ಪು ಇಬ್ಬರಿಗೂ ಬೇಡವಂತೆ. ದ್ಯಾಮಿ ಬರಬೇಕಂತೆ.

ದ್ಯಾಮಿ ಗುರುವಿನ ಮುಂದೆ ಬಂದು ನಿಂತಳು.

"ನಮಗೆ ಎಮ್ಮೆ ನೀರು ಕುಡಿಸಿದವರು, ಅಜ್ಜ. ಅವರ ಜಗಳ ನಾನು ಯಾಕೆ ಬಿಡಿಸಬೇಕು?"

"ಬಿಡಿಸಲು ಬರುತ್ತದಾ?"

"ಬರುತ್ತದೆ."

"ಹಾಗಾದರೆ ಹೋಗು. ಅವರು ಜಗುಲಿಯ ಮೇಲೆ ಕೂತು ನಿನಗೆ ಕೂರಲು ಅಂಗಳ ತೋರಿಸಿದರೆ, ನಿಂತುಕೊಂಡೇ ನ್ಯಾಯ ಹೇಳು."