ಹಿಂದಿನ ಸೀಟು

"ಮೆಲ್ಲಗೆ ಕಣ್ರೀ, ಊಟದ ಎಲೆ ಏನು ಎದ್ದು ಓಡೋಗ್ತದಾ?"

ಚೆನ್ನಾಜಮ್ಮ ಗಂಡನಿಗೆ ಹೇಳಿದ ಕಡೇ ಮಾತು ಇದು. ಗಂಡ ದೊರೆಸ್ವಾಮಿ ನಕ್ಕ. ನಕ್ಕು, ಬೈಕಿಗೆ ಇನ್ನೊಂದಿಷ್ಟು ರೇಸ್ ಕೊಟ್ಟ.

ನೆಂಟರ ಮನೆಯ ನಾಮಕರಣಕ್ಕೆ ಹೊರಟಿದ್ದರು. ಚೆನ್ನಾಜಮ್ಮ ಆ ಊರು ಮುಟ್ಟಲಿಲ್ಲ.

ದೊರೆಸ್ವಾಮಿ ಗಾರೆ ಕೆಲಸದವನು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಮಾತು ಕಮ್ಮಿ. ಹದಿನೆಂಟು ವರ್ಷ ಒಂದೇ ಹಳೇ ಬೈಕು ಓಡಿಸಿದ. ಹೊಸದು ತಂದು ಇಪ್ಪತ್ತು ದಿನವೂ ಆಗಿರಲಿಲ್ಲ. ಹಳೇದರ ಎರಡರಷ್ಟು ಬಲ ಅದಕ್ಕೆ.

"ರಸ್ತೆಯ ಹಂಪಿನ ಮೇಲೆ ಗಾಡಿ ಜಾರಿತು. ಇಬ್ಬರೂ ಬಿದ್ದೆವು. ಅವಳ ತಲೆ ನನ್ನ ತೊಡೆ ಮೇಲಿತ್ತು. ಅಲ್ಲೇ ಹೋದಳು." ಕೇಳಿದವರಿಗೆಲ್ಲ ಇಷ್ಟು ಹೇಳಿದ. ಮೊಣಕೈಯ ಗಾಯ ತೋರಿಸಿದ. ಆಮೇಲೆ ಬಾಯಿ ಮುಚ್ಚಿಕೊಂಡ.

ಗಾಡಿಗೆ ಗೋಣಿತಾಟು ಹೊದಿಸಿ ಹಿತ್ತಲಲ್ಲಿ ನಿಲ್ಲಿಸಿದ. ಮೂರು ತಿಂಗಳು ಆ ಕಡೆ ಹೋಗಲಿಲ್ಲ.

ಒಂದು ದಿನ ಚೆನ್ನಾಜಮ್ಮನ ತಮ್ಮ ನಾಗಮಲ್ಲ ಬಂದ. ಅವನಿಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಗೋಣಿತಾಟು ಎತ್ತಿ ಗಾಡಿಯನ್ನು ಎರಡು ಸುತ್ತು ಸುತ್ತಿದ.

"ಭಾವ, ನೀವು ಮುಟ್ಟಲ್ಲ ಅಂದ್ರೆ ನಂಗೆ ಕೊಡಿ. ಸುಮ್ನೆ ತುಕ್ಕು ಹಿಡೀತದೆ."

"ನಿಮ್ಮಕ್ಕನ್ನ ತಿಂದ ಗಾಡಿ ಕಣೋ ಅದು."

"ಗಾಡಿ ಏನ್ ತಿಂತದೆ ಭಾವ? ಬೇಜಾರ್ ಮಾಡ್ಕೋಬೇಡಿ, ನಿಮ್ದು ಹಳೇ ಗಾಡಿಗೆ ಪಳಗಿದ ಕೈ. ಎತ್ತು ಹೊಡೆಯೋನಿಗೆ ಕುದುರೆ ಕೊಟ್ಟಂಗಾಯ್ತು. ಕೈ ಸರಿಯಾಗಿದ್ರೆ ಒಂದು ಹಂಪು ಏನ್ಮಾಡ್ತದೆ? ನಾನಾಗಿದ್ರೆ ಕಣ್ಮುಚ್ಕೊಂಡು ದಾಟಿಸ್ತಿದ್ದೆ."

ದೊರೆಸ್ವಾಮಿ ಗೋಣಿತಾಟು ಎಳೆದು ಮತ್ತೆ ಹೊದಿಸಿದ.

"ಶುಕ್ರವಾರ ನಾನೂ ಜಯಶೀಲಾನೂ ಬಸ್ಸಲ್ಲಿ ಬತ್ತೀವಿ. ಗಾಡೀಲಿ ವಾಪಸ್ ಹೋಗ್ತೀವಿ. ಅವಳಿಗೂ ಆಸೆ."

ಜಯಶೀಲ ಅವನ ಹೆಂಡತಿ.

ಅವನು ಹೋದ ಮೇಲೆ ದೊರೆಸ್ವಾಮಿಯ ತಲೆಯಲ್ಲಿ ಒಂದೇ ಹುಳ ಕೊರೆಯಿತು. ಕೈಯ ತಪ್ಪೋ, ಗಾಡಿಯ ತಪ್ಪೋ? ಗಾಡಿಯದಾದರೆ ಅದನ್ನು ನಾಗಮಲ್ಲನ ಕೈಗೆ ಕೊಡಬಾರದು. ಅದರ ಹಿಂದೆ ಜಯಶೀಲ ಕೂರುತ್ತಾಳೆ. ಕೈಯದಾದರೆ ಕೊಡಬಹುದು. ಆಗ ಈ ಕೈ ಇಟ್ಟುಕೊಂಡು ಬದುಕುವುದು ಹೇಗೆ ಅಂತ ಅವನೇ ನೋಡಿಕೊಳ್ಳಬೇಕು.

ಕಪಿಲೆ ಹೊಳೆಯ ದಂಡೆಯಲ್ಲಿ ಒಂದು ಕಲ್ಲುಮಂಟಪ. ಅಲ್ಲೊಬ್ಬರು ಗುರುಗಳಿದ್ದರು. ಹರೆಯದಲ್ಲಿ ಮಿಲಿಟರಿಯಲ್ಲಿದ್ದು ಬೈಕಿನ ಮೇಲೆ ಟಪಾಲು ಸಾಗಿಸಿದವರಂತೆ. ಹಿಮದಲ್ಲೂ ಓಡಿಸಿದ್ದರಂತೆ, ಮರಳುಗಾಡಿನಲ್ಲೂ ಓಡಿಸಿದ್ದರಂತೆ. ಈಗ ಕಾವಿ ಉಟ್ಟಿದ್ದರು. ಬಂದವರಿಗೆ ಹೊಳೆಯ ಮರಳಿನಲ್ಲಿ ಗಾಡಿ ಕಲಿಸುತ್ತಿದ್ದರು. ಅವರ ಹತ್ತಿರ ಇದ್ದದ್ದು ಒಂದು ಮುದಿ ಮೊಪೆಡ್ಡು.

ಗುರುವಾರ ದೊರೆಸ್ವಾಮಿ ಗೋಣಿತಾಟು ತೆಗೆದು ಗಾಡಿ ಹತ್ತಿದ. ಎರಡನೇ ಗೇರು ದಾಟದೆ ಅಲ್ಲಿಗೆ ಹೋದ.

ಅಂಗನವಾಡಿ ಟೀಚರು ದೇವಮ್ಮಣ್ಣಿ ಮೊಪೆಡ್ಡಿನಿಂದ ಮರಳಿಗೆ ಬಿದ್ದಿದ್ದಳು. ಎದ್ದು ಸೀರೆ ಕೊಡವಿಕೊಂಡಳು.

"ಬುದ್ಧಿ, ಬೀಳೋದು ಚೆನ್ನಾಗಿ ಬಂತು. ಓಡ್ಸೋದು ಯಾವತ್ತು?"

"ಬಿದ್ದಿದ್ದು ಗೊತ್ತಾದ್ರೆ ಅರ್ಧ ಕಲಿತಂಗೆ ಕಣವ್ವ," ಎಂದರು ಗುರುಗಳು. "ಹೋಗು, ನೀರು ಕುಡಿ."

ದೊರೆಸ್ವಾಮಿ ಅಡ್ಡಬಿದ್ದ. ಊರಿಗೆ ಹೇಳಿದ್ದನ್ನೇ ಅವರಿಗೂ ಹೇಳಿದ. ನಾಗಮಲ್ಲನ ಮಾತನ್ನೂ ಹೇಳಿದ.

"ನಂಗೆ ಒಂದು ಗೊತ್ತಾಗಬೇಕು ಬುದ್ಧಿ. ಕೈಯ ತಪ್ಪೋ, ಗಾಡಿಯ ತಪ್ಪೋ?"

"ಆ ಹಂಪಿಗೆ ಎಷ್ಟರಲ್ಲಿ ಬಂದೆ?"

"ಎಪ್ಪತ್ತಿರಬೇಕು."

"ಹಳೇ ಗಾಡೀಲಿ ಅದೇ ಜಾಗಕ್ಕೆ?"

"ಮೂವತ್ತೈದು, ನಲವತ್ತು. ಅಲ್ಲಿ ಏರು. ಇಬ್ಬರು ಕೂತ್ರೆ ಅದು ಏದುಸಿರು ಬಿಡ್ತಿತ್ತು."

"ಹದಿನೆಂಟು ವರ್ಷದಲ್ಲಿ ಒಂದು ಸಲಾನಾದ್ರೂ ಅವಳನ್ನ ಬೀಳಿಸಿದ್ದಾ?"

"ಇಲ್ಲ ಬುದ್ಧಿ."

"ಅದು ನಿನ್ನ ಕೈಚಳಕವಾ?"

ದೊರೆಸ್ವಾಮಿ ತನ್ನ ಅಂಗೈ ತಿರುಗಿಸಿ ನೋಡಿದ.

"ಹಂಗೇ ಅಂದ್ಕೊಂಡಿದ್ದೆ," ಎಂದ.

ಗುರುಗಳು ಮೊಪೆಡ್ಡಿನ ಕಡೆ ಕೈ ತೋರಿಸಿದರು. "ಓಡ್ಸು. ನಾನು ಹಿಂದೆ ಕೂರ್ತೀನಿ."

ಹೊಳೆಯಿಂದ ಮೇಲಿನ ರಸ್ತೆಗೆ ಒಂದು ಕಡಿದಾದ ಏರು. ಗುರುಗಳು ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ಹೆಂಗಸರು ಕೂರೋ ಹಾಗೆ ಕ್ಯಾರಿಯರ್ ಮೇಲೆ ಕೂತರು. ಮೊಪೆಡ್ಡು ಏರಿನ ಬುಡದಲ್ಲೇ ಅಳೋಕೆ ಶುರುಮಾಡಿತು. ಅರ್ಧಕ್ಕೆ ನಿಂತೇಹೋಯಿತು.

"ಆಗಲ್ಲ ಬುದ್ಧಿ. ನೀವು ಇಳೀಬೇಕು."

"ನಾನು ಹಿಂದೆ ಇರೋದು ತಿಳೀತಾ?"

"ತಿಳೀದೆ ಇರ್ತದಾ? ಒಂದೊಂದು ಮಾರಿಗೂ ತಿಳೀತು."

"ಎಲ್ಲಿ ತಿಳೀತು?"

"ಕೈಲಿ."

ಗುರುಗಳು ಇಳಿದರು. ಇಬ್ಬರೂ ಮೊಪೆಡ್ಡನ್ನು ಹಿಡಿದುಕೊಂಡು ಕೆಳಗೆ ಬಂದರು.

"ಈಗ ನಿಂದು ತಗೋ."

ದೊರೆಸ್ವಾಮಿ ಕದಲಲಿಲ್ಲ. "ಹಿಂದೆ ಇನ್ಯಾರನ್ನೂ ಕೂರಿಸಲ್ಲ ಅಂತ ಆಣೆ ಮಾಡಿದ್ದೀನಿ ಬುದ್ಧಿ."

"ಯಾರ ಮೇಲೆ?"

"ಅವಳ ಮೇಲೆ."

"ಅವಳು ಕೇಳಿಸ್ಕೊಂಡ್ಲಾ?"

ಗುರುಗಳು ಗಾಡಿಯ ಹಿಂದಕ್ಕೆ ಹೋಗಿ ನಿಂತರು.

"ಕೂರೋನು ನಾನು. ಬಿದ್ರೆ ಒಡೆಯೋದು ನನ್ನ ತಲೆ. ಹತ್ತು."

ಅಭ್ಯಾಸಬಲದಿಂದ ದೊರೆಸ್ವಾಮಿ ಹೆಲ್ಮೆಟ್ ಹಾಕಿಕೊಂಡ. ಗುರುಗಳು ಮೊದಲಿನ ಹಾಗೇ ಒಂದೇ ಕಡೆ ಕಾಲು ಇಳಿಬಿಟ್ಟು, ಹಿಂದಿನ ಕಂಬಿ ಹಿಡಿದು ಕೂತರು.

"ಮಾತಾಡ್ತಾ ಹೋಗು," ಎಂದರು. "ಮಾತಿದ್ರೆ ಹೆದರಿಕೆ ಕಮ್ಮಿ."

ಮರಳಿನಲ್ಲಿ ಗಾಡಿ ಆಮೆಯ ಹಾಗೆ ಹೊರಟಿತು. ಏರಿನ ಬುಡಕ್ಕೆ ಬಂದಾಗ ದೊರೆಸ್ವಾಮಿ ರೇಸ್ ಕೊಟ್ಟ. ಎಷ್ಟು ದಿನವಾಗಿತ್ತೋ, ಗಾಡಿ ಗುಟುರು ಹಾಕಿ ಎದ್ದಿತು. ಏರನ್ನು ಅದು ಏರು ಅಂತಲೇ ಎಣಿಸಲಿಲ್ಲ.

"ನೋಡಿ ಬುದ್ಧಿ, ಇದರ ಗುಣವೇ ಇದು. ಮೊಪೆಡ್ಡು ಪ್ರಾಣ ಬಿಡ್ತಲ್ಲ, ಇದಕ್ಕೆ ಗೊತ್ತೇ ಆಗಲಿಲ್ಲ."

ಗುರುಗಳು ಮಾತಾಡಲಿಲ್ಲ.

"ಇನ್ನಿಬ್ಬರು ಕೂತ್ರೂ ಎಳೀತದೆ."

ಅದಕ್ಕೂ ಮಾತಿಲ್ಲ.

"ಹೆದರ್ಕೊಂಡ್ರಾ?"

ಏರಿನ ತುದಿಯಲ್ಲಿ ಗಾಡಿ ನಿಲ್ಲಿಸಿ ತಿರುಗಿದ.

ಸೀಟು ಖಾಲಿ.

ಗುರುಗಳು ಕೆಳಗೆ ಮರಳಿನಲ್ಲಿ ನಿಂತಿದ್ದರು. ಪಕ್ಕದಲ್ಲಿ ದೇವಮ್ಮಣ್ಣಿ ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದಳು.

ದೊರೆಸ್ವಾಮಿ ಹ್ಯಾಂಡಲ್ ಬಿಟ್ಟ. ಗಾಡಿ ಮಗ್ಗುಲಿಗೆ ಉರುಳಿತು. ಅವನು ಹಾಗೇ ಕುಸಿದು ಕೂತ. ಗಂಟಲಿನಿಂದ ಒಂದು ಸದ್ದು ಬಂತು. ಕುಯ್ಯುವಾಗ ಕುರಿ ಮಾಡೋ ಸದ್ದು.

ದೇವಮ್ಮಣ್ಣಿಯ ನಗು ನಿಂತಿತು.

ಗುರುಗಳು ಏರು ಹತ್ತಿ ಬಂದರು. ಅವನ ಎದುರಿಗೆ ನೆಲದ ಮೇಲೆ ಕೂತರು.

"ಭಾರ ಅಂದ್ರೇನು ಅಂತ ತೋರಿಸೋಣ ಅಂತ ಏರಿನ ಬುಡದಲ್ಲೇ ಜಾರಿಕೊಂಡೆ ನಾನು," ಎಂದರು. "ಖಾಲಿ ಸೀಟು ಕಂಡ್ರೆ ಮನುಷ್ಯ ಬೆಚ್ಚಬೇಕು. ನೀನು ಬೆಚ್ಚಲಿಲ್ಲ. ಮೊದಲೇ ಕಂಡವನ ಹಂಗೆ ಗುರುತು ಹಿಡಿದೆ."

ದೊರೆಸ್ವಾಮಿ ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಇಬ್ಬರೂ ಬೀಳಲಿಲ್ಲ ಬುದ್ಧಿ."

"ಹೇಳು."

"ಮುಂದೆ ಕಬ್ಬಿನ ಟ್ರ್ಯಾಕ್ಟರ್ ಇತ್ತು. ಸೈಡ್ ಹೊಡೆದೆ. ಹಂಪು ಕಾಣಲಿಲ್ಲ. ಗಾಡಿ ಹಾರಿ ಕೂತ್ಕೊಂಡ್ತು. ಅಲ್ಲಾಡಲೇ ಇಲ್ಲ. ಎಂಥಾ ಗಾಡಿ ಅಂದ್ಕೊಂಡೆ. ಇನ್ನೂ ರೇಸ್ ಕೊಟ್ಟೆ."

"ಅವಳು ಕೂಗಲಿಲ್ವಾ?"

"ಗೊತ್ತಿಲ್ಲ. ಹೆಲ್ಮೆಟ್ ಇತ್ತು." ತೊಡೆಯ ಮೇಲಿನ ಹೆಲ್ಮೆಟ್ ಮುಟ್ಟಿ ಹೇಳಿದ. "ಒಂದೇ ಇತ್ತು. ನನ್ನ ತಲೆ ಮೇಲಿತ್ತು."

"ಆಮೇಲೆ?"

"ಏರು ಗೊತ್ತಾಯ್ತಾ ಅಂತ ಕೇಳ್ದೆ. ಮಾತಿಲ್ಲ. ಮುನಿಸ್ಕೊಂಡವಳೆ ಅಂದ್ಕೊಂಡೆ. ಮುನಿಸ್ಕೊಂಡ್ರೆ ಅವಳು ಅರ್ಧ ದಿನ ಮಾತಾಡ್ತಿರಲಿಲ್ಲ. ಮಗೀಗೆ ಏನು ಹೆಸರು ಇಡ್ತಾರೋ ಅಂದೆ. ಅದಕ್ಕೂ ಮಾತಿಲ್ಲ. ಬೇಕಾದ್ರೆ ಮಾತಾಡು ಅಂತ ನಾನೂ ಸುಮ್ಮನಾದೆ."

"ಎಷ್ಟು ದೂರ?"

"ಮುಂದಿನ ಊರಿನ ತನಕ. ಅಲ್ಲಿ ಎಮ್ಮೆ ಅಡ್ಡ ಬಂದ್ವು. ನಿಲ್ಲಿಸ್ದೆ. ಹಿಂದಿಂದ ಹಾಲಿನ ಕ್ಯಾನ್ ಕಟ್ಕೊಂಡು ಒಬ್ಬ ಬಂದ. 'ಯಜಮಾನ್ರೇ, ನಿಮ್ಮ ಹತ್ರ ಫೋನ್ ಇದ್ಯಾ? ಹಂಪಿನ ಹತ್ರ ಯಾರೋ ಹೆಣ್ಣುಮಗಳು ಬಿದ್ದವಳೆ' ಅಂದ."

 ದೊರೆಸ್ವಾಮಿ ಹೆಲ್ಮೆಟ್ ನೆಲಕ್ಕಿಟ್ಟ.

"ಅಯ್ಯೋ ಪಾಪ, ಅಂದೆ ಬುದ್ಧಿ."

ಹೊಳೆಯ ಕಡೆಯಿಂದ ಗಾಳಿ ಬಂತು.

"ಕೇಳಿದ್ಯೇನೇ ಅಂತ ಅವಳ ಕಡೆ ತಿರುಗಿದೆ."

ಗುರುಗಳು ಕಣ್ಣು ಮುಚ್ಚಿಕೊಂಡರು.

"ವಾಪಸ್ ಬರೋ ಆತುರಕ್ಕೆ ಬಿದ್ದೆ. ಈ ಗಾಯ ಅವಾಗಿಂದು. ನಾನು ಮುಟ್ಟೋ ಹೊತ್ತಿಗೆ ಅವಳ ಉಸಿರು ಹೋಗಿತ್ತು. ಯಾರೋ ಮುಖಕ್ಕೆ ಟವಲ್ ಹಾಕಿದ್ರು."

 ಉರುಳಿದ ಗಾಡಿಯಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ದೊರೆಸ್ವಾಮಿ ಅದನ್ನು ಎತ್ತಲಿಲ್ಲ.

"ಹಳೇ ಗಾಡಿ ಪ್ರತಿ ಏರಲ್ಲೂ ಹೇಳ್ತಿತ್ತು, ಹಿಂದೆ ಅವಳು ಕೂತವಳೆ ಅಂತ," ಎಂದ. "ಇದು ಹೇಳಲಿಲ್ಲ."

"ಬಲ ಇರೋ ಗಾಡಿ ಮೂಗ ಕಣಪ್ಪ. ಎಳೆಯೋವಾಗ ಏನೂ ಹೇಳಲ್ಲ. ಅದು ಹೇಳದೆ ಇದ್ದಾಗ ನೆನಪಿಟ್ಕೊಳ್ಳೋ ಕೆಲಸ ಯಾರದು?"

"ನಂದು."

"ನಾಗಮಲ್ಲನಿಗೆ ಏನು ಹೇಳಿದ್ದೀಯ?"

"ಇಬ್ಬರೂ ಬಿದ್ವಿ ಅಂತ. ಅದಕ್ಕೇ ಅವನು ಕೈಚಳಕ ಇದ್ರೆ ಸಾಕು ಅಂತಾನೆ."

"ನಿಜ ಹೇಳಿದ್ರೆ?"

"ಕೊಲ್ತಾನೆ."

ಗುರುಗಳು ಮೊಣಕಾಲಿನ ಮೇಲೆ ಕೈಯೂರಿ ಎದ್ದರು.

"ಹಂಗಾದ್ರೆ ಫೋನ್ ಮಾಡಿ ಅವನನ್ನ ಇಲ್ಲಿಗೇ ಕರಿ. ನೀನು ಇಲ್ಲೇ ಮುದ್ದೆ ಉಂಡು ಮಲಕ್ಕೋ. ಹಸಿದ ಹೊಟ್ಟೇಲಿ ಏಟು ತಿನ್ನಬಾರದು."

ಶುಕ್ರವಾರ ಬೆಳಿಗ್ಗೆ ಎಂಟರ ಬಸ್ಸಿಗೆ ನಾಗಮಲ್ಲ ಬಂದಿಳಿದ. ಹಿಂದೆ ಜಯಶೀಲ. ಅವಳ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ. ಏರು ಇಳಿಯುವಾಗಲೇ ನಾಗಮಲ್ಲ ಕೈ ಚಾಚಿದ.

"ಎಲ್ಲಿ ಭಾವ, ಕೀ ಕೊಡಿ. ಸನ್ಯಾಸಿ ಆಗೋಕೆ ಬಂದ್ರಾ ಹೆಂಗೆ ಇಲ್ಲಿಗೆ?"

"ಕೂತ್ಕೊ. ಒಂದು ಮಾತದೆ."

"ನಿಂತೇ ಕೇಳ್ತೀನಿ, ಹೇಳಿ."

ದೊರೆಸ್ವಾಮಿ ಹೇಳಿದ. ಟ್ರ್ಯಾಕ್ಟರು, ಹಂಪು, ಎಮ್ಮೆ, ಹಾಲಿನವನು. ಅಯ್ಯೋ ಪಾಪ ಅಂದದ್ದನ್ನೂ ಬಿಡಲಿಲ್ಲ. ಹೇಳುವಾಗ ನಾಗಮಲ್ಲನ ಮುಖವನ್ನೇ ನೋಡಿದ. ಮೂರು ತಿಂಗಳಲ್ಲಿ ಅವನು ಒಬ್ಬರ ಮುಖ ನೋಡಿ ಆಡಿದ ಮೊದಲ ಮಾತು ಅದು.

"ನಮ್ಮಕ್ಕ ರಸ್ತೇಲಿ ಒಬ್ಬಳೇ ಸತ್ತಳಾ?"

"ಹೂಂ."

ಕೆನ್ನೆಗೆ ಏಟು ಬಿತ್ತು.

"ನಿನ್ನ ತೊಡೆ ಮೇಲೆ ಪ್ರಾಣ ಬಿಟ್ಟಳು ಅಂತ ನಮ್ಮವ್ವನ ಮುಂದೆ ಹೇಳಿದ್ಯಲ್ಲೋ! ಅಷ್ಟಾದ್ರೂ ಸಮಾಧಾನ ಅಂತ ಅವ್ವ ಊಟಕ್ಕೆ ಕೂತಳಲ್ಲೋ!"

"ಸುಳ್ಳು ಹೇಳ್ದೆ."

ಇನ್ನೊಂದು ಏಟು. ದೊರೆಸ್ವಾಮಿ ಕೈ ಅಡ್ಡ ಹಿಡಿಯಲಿಲ್ಲ. ಮೂಗಿನಿಂದ ರಕ್ತ ಬಂತು.

"ಬಿಡಿ ಅಂದ್ರೆ! ಅಣ್ಣನ ಮುಖ ನೋಡಿ," ಎಂದು ಜಯಶೀಲ ಗಂಡನ ತೋಳು ಹಿಡಿದಳು.

ನಾಗಮಲ್ಲ ಬಿಡಿಸಿಕೊಂಡ. ಅಳುತ್ತಿದ್ದ. ದೊರೆಸ್ವಾಮಿಯ ಜೇಬಿಗೆ ಕೈ ಹಾಕಿ ಕೀ ಕಿತ್ತುಕೊಂಡ.

"ಗಾಡಿ ಕೊಡಬಾರದು ಅಂತಲೇ ಇದನ್ನೆಲ್ಲ ಹೇಳಿದ್ದು ನಾನು," ಎಂದ ದೊರೆಸ್ವಾಮಿ. "ಹತ್ತಬೇಡ ನಾಗಮಲ್ಲ."

"ನೀನು ಬುದ್ಧಿ ಹೇಳ್ತೀಯಾ ನಂಗೆ? ನಾನು ನಿನ್ನಂಗಲ್ಲ. ನನ್ನ ಹಿಂದೆ ಯಾರವರೆ ಅಂತ ನಂಗೆ ಗೊತ್ತಿರ್ತದೆ."

ಮಂಟಪದ ಮುಂದೆ ಮರಳಿನಲ್ಲಿ ನಿಲ್ಲಿಸಿದ್ದ ಗಾಡಿ ಹತ್ತಿ ಸ್ಟಾರ್ಟ್ ಮಾಡಿದ. ರೇಸ್ ಕೊಟ್ಟ. ಸದ್ದಿಗೆ ಹೊಳೆಯ ಕೊಕ್ಕರೆಗಳು ಎದ್ದವು.

"ಕೂತ್ಕೊಳ್ಳೇ," ಎಂದ. ಮುಖ ಏರಿನ ಕಡೆಗಿತ್ತು.

ಜಯಶೀಲ ಬ್ಯಾಗು ಹಿಡಿದು ನಿಂತಲ್ಲೇ ನಿಂತಿದ್ದಳು.

ದೊರೆಸ್ವಾಮಿ ಗಾಡಿಯ ಮುಂದಕ್ಕೆ ಹೋಗಿ ಮುಂದಿನ ಚಕ್ರಕ್ಕೆ ಎದೆ ಕೊಟ್ಟು ಮರಳಿನಲ್ಲಿ ಕೂತ.

ನಾಗಮಲ್ಲ ಅವನನ್ನು ನೋಡಿದ. ಕೈ ರೇಸ್ ಬಿಡಲಿಲ್ಲ. ಮಂಟಪದ ಕಡೆ ಕೂಗಿದ.

"ನೀವೇ ಹೇಳಿ ಬುದ್ಧಿ! ತಪ್ಪು ಈ ಮನುಷ್ಯನ ಕೈದಾ, ಗಾಡೀದಾ?"

"ತಿರುಗು," ಎಂದರು ಗುರುಗಳು. "ತಿರುಗಿ, ಹಿಂದೆ ಕೂರೋಳನ್ನ ಕೇಳು."